ನಿವೃತ್ತರಾದ ಅಪ್ಪ ನಗುವುದೇ ಇಲ್ಲ. ನಗೆಕೂಟಕ್ಕೆ ಸೇರಿಸಲೇ, ಮನೆಯಲ್ಲೇ ದಿನವೂ ಹಾಸ್ಯದ ವಿಡಿಯೋ ತೋರಿಸಲೇ?

ಎರಡೂ ಬೇಡ. ಸದ್ಯಕ್ಕಂತೂ ಬೇಡ.

ನಿಮ್ಮ ಪ್ರಶ್ನೆಯ ನಡುವೆ ಒಂದು ಮಾತಿದೆ: "ಫೋಟೋ ತೆಗೆಯುವಾಗ ನಗಿ ಎಂದರೆ ನಗುತ್ತಾರೆ, ತಾವಾಗಿ ನಗುವುದಿಲ್ಲ." ಅದನ್ನು ಓದಿ ಮೊಬೈಲು ಕೆಳಗಿಟ್ಟು ಅಂಗಳಕ್ಕೆ ಹೋಗಿ ಬಂದೆ. 2017ರಲ್ಲಿ ಇದೇ ಮಾತನ್ನು ಇಷ್ಟೇ ಬೇಸರದಿಂದ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ನನ್ನ ಮಾತಿನಲ್ಲಿ ಒಂದು ಶಬ್ದ ಹೆಚ್ಚಿತ್ತು. "ಅಪ್ಪನಿಗೆ ಹಟ. ಹೇಳಿದರೆ ನಗುತ್ತಾರೆ, ಇಲ್ಲದಿದ್ದರೆ ಇಲ್ಲ."

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದಿಷ್ಟು ಅಡಿಕೆ ತೋಟ. ಅಪ್ಪ ಕನ್ನಡ ಮಾಸ್ತರಾಗಿದ್ದವರು. ತಾವು ನಗೆಮಾತು ಹೇಳುವಾಗ ಮುಖ ಬಿಗಿಹಿಡಿದು, ಎದುರಿನವರಿಗೆ ಹೊಳೆಯುವವರೆಗೆ ಕಾದು, ಆಮೇಲೆ ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ಹುಟ್ಟಿದ್ದು 1949ರಲ್ಲಿ. "ನಾನು ಮದ್ರಾಸಿನಲ್ಲಿ ಹುಟ್ಟಿ ಏಳನೆಯ ವಯಸ್ಸಿಗೆ ಕೇರಳಕ್ಕೆ ಬಂದವನು, ಆದರೆ ಮನೆ ಮಾತ್ರ ಬದಲಾಯಿಸಿಲ್ಲ" ಎಂದು ಘಟ್ಟದ ಮೇಲಿನ ನೆಂಟರನ್ನು ಗಲಿಬಿಲಿ ಮಾಡುವುದು ಅವರ ಖಾಯಂ ಆಟ. (ಮದ್ರಾಸ್ ರಾಜ್ಯದಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತೆಂದು ಗೊತ್ತಿಲ್ಲದವರಿಗೆ ಇದು ಹತ್ತುವುದಿಲ್ಲ.) ಇನ್ನು ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಆಟದ ಹುಚ್ಚು ಇರುವುದೇನು ವಿಶೇಷವಲ್ಲ ಬಿಡಿ, ಆದರೆ ಅಪ್ಪನಿಗೆ ರಾಜವೇಷಕ್ಕಿಂತ ಹಾಸ್ಯಗಾರನೇ ಬೇಕು. ಹಾಸ್ಯಗಾರ ರಂಗಕ್ಕೆ ಬಂದರೆ ಹಿಂದಿನ ಸಾಲಿನಲ್ಲಿ ನಿದ್ದೆ ಹೋದ ಮಕ್ಕಳು ಅಪ್ಪನ ನಗುವಿಗೆ ಎಚ್ಚರವಾಗುತ್ತಿದ್ದರು.

ಆ ನಗು ಯಾವಾಗ ನಿಂತಿತು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಮದುವೆಯ ಊಟದ ಹೊತ್ತಿಗೆ ನೆಂಟರೊಬ್ಬರು "ಮಾಸ್ತರಿಗೆ ನಮ್ಮ ಮೇಲೆ ಏನಾದರೂ ಕೋಪವೇ?" ಎಂದು ಕೇಳಿದಾಗಲೇ ನಾನು ಅವರ ಮುಖವನ್ನು ಸರಿಯಾಗಿ ನೋಡಿದ್ದು. ಅಮ್ಮ ಅದಕ್ಕೆ ಚಿಕ್ಕಪ್ಪನ ಜೊತೆಗಿನ ಪಾಲಿನ ತಕರಾರು ಕಾರಣವೆಂದರು. ನಾನು ಮುಪ್ಪಿನ ಮಂಕು ಎಂದುಕೊಂಡೆ. ಬಲ ಭುಜ ಹಿಡಿದುಕೊಂಡಿತ್ತು, ಎಣ್ಣೆ ತಿಕ್ಕಿಸಿದೆವು. ನಿದ್ದೆ ಸರಿಯಿರಲಿಲ್ಲ, ದನಿ ಸಣ್ಣದಾಗಿತ್ತು. ಒಮ್ಮೆ ಅಡುಗೆಮನೆಯಲ್ಲಿ ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದಾಗ ಅಪ್ಪ ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತ ಕುಳಿತೇ ಇದ್ದರು. ನನ್ನ ಹೆಂಡತಿ "ಮಾವನಿಗೆ ವಾಸನೆ ತಿಳಿಯುವುದಿಲ್ಲವೇ?" ಎಂದಳು. ನಾನು "ಅವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ" ಎಂದೆ. ಎಷ್ಟು ಸಲೀಸಾದ ಉತ್ತರ.

ಆಗ ನನ್ನ ಕಣ್ಣಿಗೆ ಬಿದ್ದದ್ದು ನಾರ್ಮನ್ ಕಸಿನ್ಸ್ ಕಥೆ. ನೀವೂ ಓದಿರುತ್ತೀರಿ. ಅಮೆರಿಕದ ಆ ಪತ್ರಿಕಾ ಸಂಪಾದಕ 1964ರಲ್ಲಿ ಬೆನ್ನುಮೂಳೆಯ ವಿಪರೀತ ನೋವಿನಿಂದ ಮಲಗಿದ, ಆಸ್ಪತ್ರೆ ಬಿಟ್ಟು ಹೋಟೆಲ್ ಕೋಣೆ ಸೇರಿ ಹಾಸ್ಯದ ಚಿತ್ರಗಳನ್ನು ಹಾಕಿಸಿಕೊಂಡು ನೋಡಿದ. ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು 1976ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲೇ ಬರೆದ. ಜೊತೆಗೆ ಸಿ ಜೀವಸತ್ವವನ್ನೂ ಭಾರೀ ಪ್ರಮಾಣದಲ್ಲಿ ತೆಗೆದುಕೊಂಡಿದ್ದ, ವೈದ್ಯರೊಬ್ಬರು ಕೊನೆಯವರೆಗೂ ಜೊತೆಗಿದ್ದರು ಎಂಬ ಭಾಗವನ್ನು ನಾನು ಓದಿಯೂ ಓದದವನಂತಿದ್ದೆ. ನನಗೆ ಸಿಕ್ಕಿದ್ದು ಒಂದು ಲೆಕ್ಕ: ಹತ್ತು ನಿಮಿಷಕ್ಕೆ ಎರಡು ಗಂಟೆ. ಅಪ್ಪನಿಗೆ ಹದಿನೈದು ನಿಮಿಷ ಕೊಟ್ಟರೆ ಮೂರು ಗಂಟೆ.

ಹೀಗೆ ರಾತ್ರಿ ಊಟದ ಮೇಲೆ, ಬಿಪಿ ಮಾತ್ರೆಯ ಹಿಂದೆಯೇ, ಮೊಬೈಲಿನಲ್ಲಿ ಹಾಸ್ಯ. ಮನೆಯವರಿಗೆ ತೊಂದರೆಯಾಗಬಾರದೆಂದು ಕಿವಿಗೆ ಇಯರ್‌ಫೋನು. ಮನುಷ್ಯ ಒಬ್ಬನೇ ಇರುವಾಗಿನದಕ್ಕಿಂತ ನಾಲ್ಕು ಜನರ ನಡುವೆ ಮೂವತ್ತು ಪಟ್ಟು ಹೆಚ್ಚು ನಗುತ್ತಾನೆ ಎಂದು ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ್ದನ್ನು ನಾನು ಓದಿದ್ದು ಬಹಳ ತಡವಾಗಿ. ನಾನೋ, ನಗಿಸಬೇಕೆಂದು ಹೊರಟು ಅಪ್ಪನನ್ನು ಕೋಣೆಯಲ್ಲಿ ಒಂಟಿಯಾಗಿ ಕೂರಿಸಿದ್ದೆ. ಬಾಗಿಲ ಸಂದಿಯಿಂದ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ನಕ್ಕರೆ ಸರಿ ಗುರುತು, ಇಲ್ಲದಿದ್ದರೆ ಅಡ್ಡಗೀಟು. ತಿಂಗಳುಗಟ್ಟಲೆ ಅಡ್ಡಗೀಟು.

ಅದು ಫಲಿಸದಿದ್ದಾಗ ನಗೆಕೂಟ. ಮುಂಬಯಿಯ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಉದ್ಯಾನದಲ್ಲಿ ಐದು ಜನರನ್ನು ಕೂಡಿಸಿಕೊಂಡು ಶುರುಮಾಡಿದ್ದು ಇದು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಮುಗಿದು ಹೋದವಂತೆ. ಆಗ ಅವರು ಜೋಕನ್ನೇ ಬಿಟ್ಟು, ಸುಮ್ಮನೆ ಹೋ ಹೋ ಹಾ ಹಾ ಎಂದು ನಕ್ಕರೂ ದೇಹಕ್ಕೆ ಫಲ ಸಿಗುತ್ತದೆ ಎಂಬ ದಾರಿ ಹಿಡಿದರು. ಮಂಗಳೂರಿನಲ್ಲಿ ತಂಗಿಯ ಮನೆಯ ಹತ್ತಿರ ಅಂಥದೊಂದು ಕೂಟವಿತ್ತು. ಎರಡು ವಾರ ಅಪ್ಪನನ್ನು ಅಲ್ಲಿ ಬಿಟ್ಟೆ. ತಂಗಿ ಫೋನ್ ಮಾಡಿ "ಅಪ್ಪ ಎಲ್ಲರ ಹಾಗೆಯೇ ಹೋ ಹೋ ಎನ್ನುತ್ತಾರಲ್ಲ, ಏನೂ ತೊಂದರೆಯಿಲ್ಲ" ಎಂದಳು. ಮನೆಗೆ ಬಂದ ಮೇಲೆ ಮತ್ತೆ ಅದೇ ಮುಖ. ಹಟ ಎಂಬ ನನ್ನ ತೀರ್ಮಾನಕ್ಕೆ ಮುದ್ರೆ ಬಿದ್ದದ್ದು ಅಲ್ಲಿ.

ಆ ವರ್ಷ ಊರಿನಲ್ಲಿ ನಳ ದಮಯಂತಿಯ ಆಟವಿತ್ತು. ಬಾಹುಕ ಹಾಸ್ಯಗಾರನ ವೇಷ. ಕಾರ್ಕೋಟಕ ಸರ್ಪ ಕಚ್ಚಿ ರೂಪಗೆಟ್ಟ ನಳ ಅವನು, ಮೈ ಸೊಟ್ಟ, ಮಾತು ಮಾತ್ರ ಚೂಪು. ಗದ್ದೆಯಲ್ಲಿ ಕುಳಿತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಎವೆಯಿಕ್ಕದೆ ಕುಳಿತಿದ್ದರು. ಬೆಳಗಿನ ಜಾವ ಟಾರ್ಚು ಹಿಡಿದು ಗುಡ್ಡದ ದಾರಿಯಲ್ಲಿ ಬರುವಾಗ ನಾನು ಹೇಳಿದೆ: "ಊರೆಲ್ಲ ನಗುವಾಗ ನೀವು ಕಲ್ಲಿನ ಹಾಗೆ ಕುಳಿತಿದ್ದಿರಿ. ನನಗೆ ನಾಚಿಕೆಯಾಯಿತು." ಅಪ್ಪ ಉತ್ತರ ಕೊಡಲಿಲ್ಲ. ಅದಾದ ಮೇಲೆ ಪತ್ತನಾಜೆಗೆ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿದು, ಮೇಳ ಗೆಜ್ಜೆ ಬಿಚ್ಚುವವರೆಗೆ ಒಂದೇ ಒಂದು ಆಟಕ್ಕೂ, ತಾಳಮದ್ದಳೆಗೂ ಅವರು ಹೋಗಲಿಲ್ಲ. ಕರೆದವರಿಗೆ ಕಾಲುನೋವು ಎಂದರು.

ಮಳೆಗಾಲದಲ್ಲಿ ಅಂಗಳದ ಮೆಟ್ಟಿಲಲ್ಲಿ ಬಿದ್ದು ಎಡ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಬಿಚ್ಚಿದ ದಿನ ಮೂಳೆ ವೈದ್ಯರು ಅಪ್ಪ ಬಾಗಿಲವರೆಗೆ ನಡೆಯುವುದನ್ನು ನೋಡಿ ನನ್ನನ್ನು ಹಿಂದಕ್ಕೆ ಕರೆದರು. "ಮುರಿದ ಕೈ ಬೀಸುತ್ತಿದೆ. ಮುರಿಯದ ಕೈ ಏಕೆ ಬೀಸುವುದಿಲ್ಲ?"

ಮರುವಾರ ತಲಪಾಡಿ ದಾಟಿ ಮಂಗಳೂರಿನ ನರರೋಗ ತಜ್ಞರ ಬಳಿಗೆ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತಾಗಿಸಿ ಬಿಡಿ ಎಂದರು, ಹತ್ತು ಸಲಕ್ಕೆ ಬಲಗೈ ಸೋತಿತು. ಮಣಿಕಟ್ಟು ತಿರುಗಿಸಿ ನೋಡಿದರು. ಪಾರ್ಕಿನ್‌ಸನ್ ಕಾಯಿಲೆ ಎಂದರು. ನಮ್ಮ ಕಡೆಯ ಕಂಪವಾತ. ನಾನು "ಕೈ ನಡುಗುವುದೇ ಇಲ್ಲವಲ್ಲ" ಎಂದು ವಾದಕ್ಕಿಳಿದೆ. ನಡುಕವಿಲ್ಲದೆಯೂ ಶುರುವಾಗುತ್ತದೆ ಎಂದರು ವೈದ್ಯರು. ಆಗ ಅಪ್ಪ ತಮ್ಮ ಸಣ್ಣ ದನಿಯಲ್ಲಿ, "ಕಂಪವಿಲ್ಲದ ಕಂಪವಾತ. ನೀರಿಲ್ಲದ ನೀರ್ಚಾಲು" ಎಂದರು. (ನೀರ್ಚಾಲು ನಮ್ಮ ಪಕ್ಕದ ಊರು.) ವೈದ್ಯರು ಬಿದ್ದು ನಕ್ಕರು. ನಾನು ಅಭ್ಯಾಸಬಲದಿಂದ ಅಪ್ಪನ ಮುಖ ನೋಡಿದೆ, ಅಡ್ಡಗೀಟು. ವೈದ್ಯರು "ಮುಖ ಬಿಡಿ, ಹೊಟ್ಟೆ ನೋಡಿ" ಎಂದರು. ಅಂಗಿಯ ಕೆಳಗಿನ ಎರಡು ಗುಂಡಿಗಳು ಕುಣಿಯುತ್ತಿದ್ದವು. ಅಪ್ಪ ನಗುತ್ತಿದ್ದರು.

ನಗುವಿಗೆ ಮಿದುಳಿನಲ್ಲಿ ಎರಡು ದಾರಿಗಳಿವೆಯಂತೆ. ಬೇಕೆಂದು ನಗುವುದು ಒಂದು ದಾರಿ, ತಾನಾಗಿ ಉಕ್ಕುವ ನಗು ಇನ್ನೊಂದು. ಡೋಪಮಿನ್ ಎಂಬ ರಾಸಾಯನಿಕವನ್ನು ಮಾಡುವ ಮಿದುಳಿನ ಕೋಶಗಳು ಸಾಯುವ ಈ ಕಾಯಿಲೆಯಲ್ಲಿ ಎರಡನೆಯ ದಾರಿಗೇ ಹೆಚ್ಚು ಪೆಟ್ಟು. ಒಳಗೆ ಹಾಸ್ಯ ತಿಳಿಯುತ್ತದೆ, ಸಂತೋಷವೂ ಆಗುತ್ತದೆ, ಮುಖದ ಸ್ನಾಯುಗಳಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಫೋಟೋಕ್ಕೆ ನಗಿ ಎಂದರೆ ಮೊದಲ ದಾರಿ ಕೆಲಸ ಮಾಡುತ್ತದೆ. ನಗೆಕೂಟದ ಹೋ ಹೋ ಕೂಡ ಅದೇ ದಾರಿಯದ್ದು. ಕಾಯಿಲೆಯ ಗುರುತನ್ನೇ ನಾನು ಹಟದ ಸಾಕ್ಷಿ ಎಂದು ಓದಿದ್ದೆ.

ಮನೆಗೆ ಬಂದು ಅಡಿಕೆಯ ಲೆಕ್ಕದ ಪುಸ್ತಕ ತೆಗೆದೆ. ಎರಡು ವರ್ಷದ ಹಿಂದೆ ಕರಿಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರ. ಪುಟ ತಿರುವಿದಂತೆ ಸಣ್ಣದಾಗುತ್ತ, ಕೊನೆಯ ಪುಟಗಳಲ್ಲಿ ಸಾಲಿನ ಅಂತ್ಯಕ್ಕೆ ಬರುವಾಗ ಇರುವೆ ಸಾಲು. ಭುಜ, ದನಿ, ವಾಸನೆ, ಅಕ್ಷರ, ಎಲ್ಲವೂ ಒಂದೇ ಕಾಯಿಲೆಯ ಗುರುತುಗಳು. ಪ್ರತಿ ವಾರ ಕೂಲಿಯ ಲೆಕ್ಕಕ್ಕೆ ಆ ಪುಸ್ತಕ ನೋಡುತ್ತಿದ್ದವನು ನಾನೇ.

ನನ್ನ ತಪ್ಪು ಯಾವುದೆಂದು ಬಿಡಿಸಿ ಹೇಳಬೇಕು, ಏಕೆಂದರೆ ಓದಿದವರೆಲ್ಲ "ವೈದ್ಯರ ಹತ್ತಿರ ತಡವಾಗಿ ಹೋದದ್ದು" ಎಂದುಕೊಳ್ಳುತ್ತಾರೆ. ಹತ್ತು ತಿಂಗಳ ತಡದಿಂದ ಕಾಯಿಲೆಯೇನೂ ಹೆಚ್ಚು ಬೆಳೆದಿಲ್ಲ ಎಂದು ವೈದ್ಯರೇ ಹೇಳಿದರು. ಮಾತ್ರೆ ಬೇಗ ಸಿಕ್ಕಿದ್ದರೆ ಆ ದಿನಗಳು ಸುಲಭವಾಗುತ್ತಿದ್ದವು, ಬಹುಶಃ ಬೀಳುತ್ತಿರಲಿಲ್ಲ, ಅಷ್ಟು. ವಿಡಿಯೋ ತೋರಿಸಿದ್ದೂ ಪಾಪವಲ್ಲ. ನಾನು ನಗುವನ್ನು ಔಷಧವೆಂದು ನಂಬಿದೆ, ಆಮೇಲೆ ಆ ಔಷಧ ಹಿಡಿಯಿತೋ ಇಲ್ಲವೋ ಎಂದು ತುಟಿ ನೋಡಿ ಅಳೆದೆ. ಕಸಿನ್ಸ್ ತನ್ನ ನಗುವನ್ನು ತಾನೇ ಅಳೆದುಕೊಂಡ, ನಿದ್ದೆ ಬಂತೇ ಇಲ್ಲವೇ ಎಂದು ಅವನಿಗೇ ಗೊತ್ತು. ನಾನು ಇನ್ನೊಬ್ಬರ ಮುಖಕ್ಕೆ ಕ್ಯಾಲೆಂಡರಿನಲ್ಲಿ ಅಂಕ ಕೊಟ್ಟೆ. ಔಷಧ ಹಿಡಿಯದಿದ್ದರೆ ರೋಗ ಬೇರೆಯಿರಬಹುದು ಎಂದು ಯಾರಾದರೂ ಯೋಚಿಸುತ್ತಾರೆ. ನಗು ಹಿಡಿಯದಿದ್ದರೆ ಮಾತ್ರ ರೋಗಿಯದ್ದೇ ತಪ್ಪು, ಅವನಿಗೆ ಮನಸ್ಸಿಲ್ಲ ಎನ್ನುತ್ತೇವೆ. ಅಪ್ಪ ನಗುತ್ತಿದ್ದ ಕಾಲದಲ್ಲಿ "ನೀವು ನಗುವುದಿಲ್ಲ" ಎಂದು ದಿನವೂ ಹೇಳಿದೆ. ಒಂದು ಬಾರಿಯೂ "ಇದು ನಿಮಗೆ ನಗು ತರಿಸಿತೇ?" ಎಂದು ಕೇಳಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದರು, ಇಡೀ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಕೇಳಿದಾಗ ಹೇಳಿದರು, ಬಾಹುಕನ ರಾತ್ರಿ ನಕ್ಕು ನಕ್ಕು ಪಕ್ಕೆ ನೋವು ಬಂದಿತ್ತಂತೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಮೊದಲು ನಗು ಏಕೆ ನಿಂತಿತು ಎಂದು ಹುಡುಕಿ. ಒಂದು ಬಿಳಿ ಹಾಳೆಯಲ್ಲಿ ಒಂದೇ ವಾಕ್ಯವನ್ನು ಆರೇಳು ಬಾರಿ ಬರೆಯಲು ಹೇಳಿ, ಅಕ್ಷರ ಕುಗ್ಗುತ್ತದೆಯೇ ನೋಡಿ. ನಡೆಯುವಾಗ ಎರಡೂ ಕೈ ಬೀಸುತ್ತವೆಯೇ ನೋಡಿ. ಕಾಫಿಯ ಪರಿಮಳ ತಿಳಿಯುತ್ತದೆಯೇ ಕೇಳಿ. ಕಿವಿಯನ್ನೂ ಪರೀಕ್ಷಿಸಿ, ಎಷ್ಟೋ ಹಿರಿಯರು ಜೋಕಿನ ಕೊನೆಯ ಮಾತು ಕೇಳಿಸದೆ ಸುಮ್ಮನಿರುತ್ತಾರೆ. ಖಿನ್ನತೆಯೂ ಇರಬಹುದು, ಥೈರಾಯ್ಡ್ ಕೂಡ. ನಿಮ್ಮ ತಂದೆಗೆ ನನ್ನ ಅಪ್ಪನ ಕಾಯಿಲೆಯೇ ಇದೆ ಎನ್ನುತ್ತಿಲ್ಲ, ಆದರೆ ವೈದ್ಯರಿಗೆ ತೋರಿಸದೆ "ಮನಸ್ಸು" ಎಂದು ಷರಾ ಬರೆಯಬೇಡಿ.

ನಗುವಿನಿಂದ ಬಿಪಿ ಇಳಿಯುತ್ತದೆಯೇ ಎಂದೂ ಕೇಳಿದ್ದೀರಿ. ಜೋರಾಗಿ ನಗುವಾಗ ಎದೆಬಡಿತವೂ ಒತ್ತಡವೂ ಮೊದಲು ಏರುತ್ತವೆ, ಮತ್ತೆ ಮೈ ಸಡಿಲವಾಗಿ ಇಳಿಯುತ್ತವೆ. ಅದನ್ನು ನೆಚ್ಚಿ ಒಂದು ಮಾತ್ರೆಯನ್ನೂ ಬಿಡಬಾರದು. ಉಬ್ಬಸ ಇದ್ದವರಿಗೆ ನಗುವಿನಿಂದಲೇ ಕೆಮ್ಮು ಕೆರಳುವುದೂ ಉಂಟು. ನಾನು ನಂಬುವ ಲಾಭ ಒಂದೇ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಜನರಿಗೆ ಹಾಸ್ಯ ತೋರಿಸಿ ಆಮೇಲೆ ನೋವು ಎಷ್ಟು ತಾಳುತ್ತಾರೆಂದು ಪರೀಕ್ಷಿಸಿದರು. ನಕ್ಕವರು ಹೆಚ್ಚು ತಾಳಿದರು. ದೇಹದ ಸ್ವಂತ ನೋವುನಿವಾರಕ ಎಂಡಾರ್ಫಿನ್ ಇದಕ್ಕೆ ಕಾರಣ ಎಂಬುದು ಅವರ ವಿವರಣೆ, ಅದೂ ಮುಖ್ಯವಾಗಿ ಕೂಡಿ ನಗುವಾಗ. ಹಾಗಾಗಿ ಇಯರ್‌ಫೋನು ಎಸೆಯಿರಿ. ನಗೆಕೂಟ ಕೆಟ್ಟದ್ದೆಂದಲ್ಲ, ಬೆಳಗ್ಗೆ ನಾಲ್ಕು ಜನರ ಮುಖ ಕಾಣುತ್ತದೆ. ಆದರೆ ಅವರಿಗೆ ಹಿಂದೆ ಎಲ್ಲಿ ನಗು ಬರುತ್ತಿತ್ತೋ ಅಲ್ಲಿಗೇ ಕರೆದುಕೊಂಡು ಹೋಗುವುದು ಮೇಲು.

ಅಪ್ಪನಿಗೆ ಮಾತ್ರೆ ಶುರುವಾದ ಮೇಲೆ ಮುಖ ಸ್ವಲ್ಪ ಸಡಿಲಿತು, ಪೂರ್ತಿ ಅಲ್ಲ. "ಕಾರ್ಕೋಟಕ ಕಚ್ಚಿದ್ದಾನೆ, ಏನು ಮಾಡುವುದು" ಎಂದು ನೆಂಟರಿಗೆ ತಾವೇ ಹೇಳತೊಡಗಿದರು. ಮುಂದಿನ ವರ್ಷದಿಂದ ಮತ್ತೆ ಆಟಕ್ಕೆ ಹೋದೆವು. ಈಗ ಮನೆಯಲ್ಲಿ ಒಂದು ಪದ್ಧತಿಯಿದೆ. ನಗು ಬಂದರೆ ಅಪ್ಪ "ನಕ್ಕೆ" ಎಂದು ಬಾಯಲ್ಲಿ ಹೇಳುತ್ತಾರೆ, ಹಾಜರಿ ಕೂಗಿದ ಹಾಗೆ. ಮರದಂಥ ಮುಖದಲ್ಲಿ ಆ ಶಬ್ದ ಕೇಳಿ ನಮಗೆ ಎರಡನೆಯ ಸಲ ನಗು.

ಇದನ್ನು ಹಾಕುವ ಮುಂಚೆ ಅಪ್ಪನಿಗೆ ಓದಿ ಹೇಳಿದೆ. ನೀರ್ಚಾಲಿನ ಜಾಗದಲ್ಲಿ "ನಕ್ಕೆ" ಎಂದರು. ಗುಡ್ಡದ ದಾರಿಯ ಜಾಗದಲ್ಲಿ ಏನೂ ಹೇಳಲಿಲ್ಲ. ಮುಗಿದ ಮೇಲೆ ಮೇಲಿನ ಭಾಗವನ್ನು ಇನ್ನೊಮ್ಮೆ ಓದಿಸಿ, "ಹಟ ಎಂದೂ ಬರೆಯುತ್ತಾರೆ, ಹಠ ಎಂದೂ ಬರೆಯುತ್ತಾರೆ. ಇಲ್ಲಿ ಎರಡೂ ತಪ್ಪು" ಎಂದರು.