ಟೆಲಿವಿಷನ್: ಅರ್ಧ ಗ್ರೀಕ್, ಅರ್ಧ ಲ್ಯಾಟಿನ್
ಟೆಲಿಫೋನ್ ಥರ ಟೆಲಿವಿಷನ್ ಕೂಡ ಪೂರ್ತಿ ಗ್ರೀಕ್ ಪದವೇ ಅಂತ ಕೇಳಿದ್ದೀರಿ. ಅಲ್ಲ, ಅರ್ಧ ಮಾತ್ರ. 'ಟೆಲಿ' ಅಂದರೆ ದೂರ, ಅದು ಗ್ರೀಕ್. 'ವಿಷನ್' ಬಂದಿರುವುದು ಲ್ಯಾಟಿನ್‌ನಿಂದ. ಅಲ್ಲಿ 'ವಿದೇರೆ' ಅಂದರೆ ನೋಡು. ವಿಡಿಯೋ, ವೀಸಾ ಎಲ್ಲ ಅದೇ ಬೇರಿನವು. ಟೆಲಿಫೋನ್‌ನಲ್ಲಾದರೆ ಎರಡೂ ತುಂಡು ಗ್ರೀಕ್. 'ಫೋನೆ' ಅಂದರೆ ದನಿ.

ಈ ಹೆಸರು ಮೊದಲು ಫ್ರೆಂಚ್‌ನಲ್ಲಿ ಬಂತು. 1900ರಲ್ಲಿ ಪ್ಯಾರಿಸ್‌ನ ವಿದ್ಯುತ್ ಸಮ್ಮೇಳನದಲ್ಲಿ ರಷ್ಯಾದ ಕಾನ್‌ಸ್ಟಂಟಿನ್ ಪರ್ಸ್ಕಿ ತಮ್ಮ ಪ್ರಬಂಧದಲ್ಲಿ ಅದನ್ನು ಬಳಸಿದರು. ಆಗಿನ್ನೂ ಯಾರ ಮನೆಯಲ್ಲೂ ಟಿವಿ ಇರಲಿಲ್ಲ! ಎರಡೂ ತುಂಡು ಗ್ರೀಕ್ ಇರಲಿ ಅಂದರೆ 'ಟೆಲಿಸ್ಕೋಪ್' ಸರಿಹೊಂದುತ್ತಿತ್ತು, ಆದರೆ ಅದು ಆಗಲೇ ದೂರದರ್ಶಕಕ್ಕೆ ಹೋಗಿತ್ತು. ಗ್ರೀಸ್‌ನವರು ಮಾತ್ರ ಲ್ಯಾಟಿನ್ ತುಂಡನ್ನು ಬಿಟ್ಟು, ನೋಟಕ್ಕೆ ತಮ್ಮದೇ ಪದ ಸೇರಿಸಿ 'ತಿಲೆಓರಸಿ' ಅನ್ನುತ್ತಾರೆ. ನನಗೆ ಅದು ತುಂಬಾ ಇಷ್ಟ.

ಇಂಥ ಬೆರಕೆ ನಮಗೆ ಹೊಸದೇನಲ್ಲ. ಶಾಲೆಯಲ್ಲಿ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸುವುದು, ಓದಿದ್ದೀರಿ ಅಲ್ವಾ? ಕನ್ನಡದ 'ಮಳೆ'ಗೆ ಸಂಸ್ಕೃತದ 'ಕಾಲ' ಸೇರಿ 'ಮಳೆಗಾಲ' ಆಯಿತು. 'ಅರಿ' ಅಂದರೆ ಶತ್ರು. ಆದರೂ ಮಳೆಗಾಲ ಅನ್ನುವಾಗ ಯಾರ ಕಿವಿಗೂ ಜಗಳ ಕೇಳಿಸುವುದಿಲ್ಲ.