ಲಂಡನ್–ನ್ಯೂಯಾರ್ಕ್: ದೂರ ಒಂದೇ ಆದರೂ ಹೋಗುವ, ಬರುವ ಅವಧಿ ಬೇರೆ ಏಕೆ?

ಲಂಡನ್ನಿನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ದೂರ ಎಷ್ಟು, ಹೋಗುವಾಗ ಸುಮಾರು ಎಂಟು ಗಂಟೆ ಹಿಡಿಯುವ ಪ್ರಯಾಣ ಮರಳುವಾಗ ಏಳು ಗಂಟೆಯ ಆಸುಪಾಸಿನಲ್ಲೇ ಮುಗಿಯುವುದೇಕೆ, ಭೂಮಿ ತಿರುಗುವುದೇ ಇದಕ್ಕೆ ಕಾರಣವೇ ಎಂದು ನೀವು ಕೇಳಿದ್ದೀರಿ.

ಹೀಥ್ರೂ ಮತ್ತು ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 5,540 ಕಿ.ಮೀ. ಚಪ್ಪಟೆ ನಕ್ಷೆಯಲ್ಲಿ ಅದು ಉತ್ತರಕ್ಕೆ ಬಾಗಿದಂತೆ ಕಂಡರೂ, ಭೂಗೋಳದ ಮಾದರಿಯ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದೇ ನೇರ ದಾರಿ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಅವಧಿಯ ವ್ಯತ್ಯಾಸಕ್ಕೆ ಕಾರಣ ಗಾಳಿ. ನೆಲದಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಎಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿಯ ಪ್ರವಾಹ ಬೀಸುತ್ತಿರುತ್ತದೆ, ಚಳಿಗಾಲದಲ್ಲಿ ಅದರ ಬಲ ಇನ್ನೂ ಹೆಚ್ಚು. ಗಾಳಿಗೆ ಹೋಲಿಸಿದಂತೆ ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯ ವೇಗ 100 ಕಿ.ಮೀ. ಎಂದಿಟ್ಟುಕೊಂಡು ನಾನು ಲೆಕ್ಕ ಹಾಕಿದರೆ, ಪೂರ್ವಕ್ಕೆ ಬರಲು 5 ಗಂಟೆ 32 ನಿಮಿಷವೂ ಪಶ್ಚಿಮಕ್ಕೆ ಹೋಗಲು 6 ಗಂಟೆ 55 ನಿಮಿಷವೂ ಬೇಕಾಗುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಮರಳಿ ಸಿಗುತ್ತದೆ ಎಂದು ಹಲವರು ಭಾವಿಸುತ್ತಾರೆ, ಅದು ಸರಿಯಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾದ್ದರಿಂದ ಎರಡೂ ಸೇರಿ ಗಾಳಿಯಿಲ್ಲದ ದಿನಕ್ಕಿಂತ ಸುಮಾರು 9 ನಿಮಿಷ ಹೆಚ್ಚೇ ಆಗುತ್ತದೆ. ಟಿಕೆಟ್ಟಿನಲ್ಲಿ ಕಾಣುವ ಅವಧಿ ಇದಕ್ಕಿಂತ ದೊಡ್ಡದು, ಏಕೆಂದರೆ ಗೇಟು ಬಿಟ್ಟು ರನ್‌ವೇ ಸೇರುವುದು, ಮೇಲೇರುವುದು, ಇಳಿಯುವ ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅಟ್ಲಾಂಟಿಕ್ ಮೇಲಿನ ಹಾರಾಟದ ಪಥಗಳನ್ನೂ ಗಾಳಿಯ ಮುನ್ಸೂಚನೆ ನೋಡಿಯೇ ಪ್ರತಿದಿನ ಹೊಸದಾಗಿ ಗೊತ್ತುಮಾಡುತ್ತಾರೆ. ಆದ್ದರಿಂದ ವಿಮಾನ ನಿಜವಾಗಿ ಕ್ರಮಿಸುವ ದೂರ 5,540 ಕಿ.ಮೀ.ಗಿಂತ ಸ್ವಲ್ಪ ಹೆಚ್ಚಿರುವುದು ಸಹಜ.

ಭೂಮಿ ತಿರುಗುವುದರ ಬಗ್ಗೆ ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ವಾತಾವರಣವೂ ಭೂಮಿಯೊಡನೆಯೇ ತಿರುಗುವುದರಿಂದ, ಊರು ತಾನಾಗಿ ವಿಮಾನದ ಕಡೆಗೆ ಬರುವುದಿಲ್ಲ. ಆದರೆ ಉಷ್ಣವಲಯ ಮತ್ತು ಧ್ರುವಪ್ರದೇಶಗಳ ತಾಪಮಾನದ ಅಂತರದಿಂದ ಹುಟ್ಟುವ ಆ ಗಾಳಿ ಪೂರ್ವಕ್ಕೇ ತಿರುಗಿಕೊಳ್ಳುವುದು ಭೂಮಿಯ ಭ್ರಮಣೆಯಿಂದ.

2020ರ ಫೆಬ್ರುವರಿಯಲ್ಲಿ, ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿದ್ದರೂ, ಸುತ್ತಲಿನ ಗಾಳಿಯೇ ಅದೇ ದಿಕ್ಕಿಗೆ ಓಡುತ್ತಿದ್ದುದರಿಂದ ಅದು ಶಬ್ದದ ವೇಗವನ್ನು ಮೀರಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಟಿಕೆಟ್ಟಿನ ಎರಡು ಸಮಯಗಳನ್ನು ನೇರವಾಗಿ ಕಳೆಯಬೇಡಿ, ಅವು ಆಯಾ ಊರಿನ ಗಡಿಯಾರದ ಸಮಯಗಳು. ಲಂಡನ್ನಿನಲ್ಲಿ ಬೆಳಿಗ್ಗೆ 10ಕ್ಕೆ ಹೊರಟು ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 1ಕ್ಕೆ ಇಳಿದರೆ, ನಡುವಿನ 5 ಗಂಟೆಯ ಅಂತರವನ್ನು ಕೂಡಿಸಿ ಪ್ರಯಾಣ 8 ಗಂಟೆಯದು ಎಂದು ತಿಳಿಯಬೇಕು. ಎರಡು ದೇಶಗಳೂ ಗಡಿಯಾರವನ್ನು ಬೇರೆ ಬೇರೆ ವಾರಗಳಲ್ಲಿ ಬದಲಿಸುವುದರಿಂದ, ಮಾರ್ಚ್‌ನ ಎರಡು ಮೂರು ವಾರ ಮತ್ತು ಅಕ್ಟೋಬರ್ ಕೊನೆಯ ಸುಮಾರು ಒಂದು ವಾರ ಈ ಅಂತರ 4 ಗಂಟೆ ಮಾತ್ರ ಇರುತ್ತದೆ.