ಸೊಂಟ ನೋವೇ? ಮೊದಲು ಬೆರಳಿಟ್ಟು ತೋರಿಸಿ

ಸೊಂಟ ನೋವಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಈ ಬಾರಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ. ನಮ್ಮ ಮಾತಿನಲ್ಲಿ ‘ಸೊಂಟ’ ಎಂಬ ಒಂದೇ ಪದ ಬೆನ್ನಿನ ಕೆಳಭಾಗಕ್ಕೂ ಸಲ್ಲುತ್ತದೆ, ಪಕ್ಕದ ಉಬ್ಬು ಮೂಳೆಗೂ ಸಲ್ಲುತ್ತದೆ, ಪೃಷ್ಠಕ್ಕೂ ತೊಡೆ ಸಂದಿಗೂ ಸಲ್ಲುತ್ತದೆ. ಆದ್ದರಿಂದ ಚಿಕ್ಕಮಗಳೂರಿನ ನನ್ನ ಚಿಕಿತ್ಸಾ ಕೊಠಡಿಗೆ ಯಾರಾದರೂ ‘ಸೊಂಟ ಹಿಡಿದುಬಿಟ್ಟಿದೆ’ ಎಂದು ಬಂದಾಗ, ನೋವು ಎಲ್ಲಿದೆ ಎಂಬುದನ್ನು ಒಂದೇ ಬೆರಳಿನಿಂದ ತೋರಿಸಿ ಎಂದು ಕೇಳುತ್ತೇನೆ. ಬೆರಳು ತೊಡೆ ಸಂದಿಗೆ ಹೋದರೆ ತೊಂದರೆ ಬಹುಮಟ್ಟಿಗೆ ಸೊಂಟದ ಕೀಲಿನ ಒಳಗೇ ಇರುತ್ತದೆ. ಪಕ್ಕದ ಮೂಳೆಯ ಮೇಲೆ ನಿಂತರೆ ಅಲ್ಲಿಗೆ ಬಂದು ಅಂಟುವ ಸ್ನಾಯುರಜ್ಜುಗಳ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗಗಳ) ಮೇಲೆ ಅನುಮಾನ ಬರುತ್ತದೆ. ಪೃಷ್ಠದಲ್ಲಿ ಶುರುವಾಗಿ ಮೊಣಕಾಲಿನ ಕೆಳಗಿನವರೆಗೂ ಎಳೆದು ತೋರಿಸಿದರೆ ಬೆನ್ನುಮೂಳೆಯ ನಡುವೆ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಆ ನೋವಿನ ದಾರಿಯೇ ಬೇರೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ. ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಕೆಲಸ ಮಾಡುತ್ತೇನೆ. ಕಳೆದ ಕುಯ್ಲಿನಲ್ಲಿ ಬಲ ಸೊಂಟದ ಪಕ್ಕದಲ್ಲಿ ಶುರುವಾದ ನೋವು ಇನ್ನೂ ಹೋಗಿಲ್ಲ. ಬಲ ಮಗ್ಗುಲಿಗೆ ಮಲಗಿದರೆ ನೋವಿಗೆ ಎಚ್ಚರವಾಗುತ್ತದೆ, ಎಡ ಮಗ್ಗುಲಿಗೆ ತಿರುಗಿದರೂ ಸ್ವಲ್ಪ ಹೊತ್ತಿಗೆ ಅದೇ ಜಾಗ ಸೆಳೆಯುತ್ತದೆ. ಎಕ್ಸ್-ರೇಯಲ್ಲಿ ಏನೂ ಇಲ್ಲ ಎಂದರು. ಒಬ್ಬರು ಎರಡು ತಿಂಗಳು ವಿಶ್ರಾಂತಿ ಎನ್ನುತ್ತಾರೆ, ಇನ್ನೊಬ್ಬರು ಇಂಜೆಕ್ಷನ್ ಎನ್ನುತ್ತಾರೆ. ಎಣ್ಣೆ ತಿಕ್ಕಿಸಿಕೊಂಡರೆ ಎರಡು ದಿನ ಹಾಯೆನಿಸಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳನ್ನೂ ನೋಡಿಕೊಳ್ಳಬೇಕು. ಫಿಸಿಯೋಥೆರಪಿಯಿಂದ ಉಪಯೋಗವಾದೀತೇ?

ಉತ್ತರ: ಖಂಡಿತ ಆಗುತ್ತದೆ. ನೀವು ಬರೆದಿರುವ ಲಕ್ಷಣಗಳಿಗೆ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಎಕ್ಸ್-ರೇಯಲ್ಲಿ ಏನೂ ಕಾಣದಿದ್ದುದಕ್ಕೆ ನಿಮ್ಮ ನೋವು ಸುಳ್ಳು ಎಂದು ಅರ್ಥವಲ್ಲ; ಎಕ್ಸ್-ರೇ ಮೂಳೆಯನ್ನು ತೋರಿಸುತ್ತದೆ, ನಿಮ್ಮ ತೊಂದರೆ ಇರುವುದು ಬಹುಶಃ ಸ್ನಾಯುರಜ್ಜುವಿನಲ್ಲಿ. ಪೃಷ್ಠದ ಎರಡು ಸ್ನಾಯುಗಳು ರಜ್ಜುವಾಗಿ ಬಂದು ತೊಡೆಮೂಳೆಯ ಮೇಲ್ತುದಿಯ ಹೊರಗಿನ ಉಬ್ಬಿಗೆ ಅಂಟಿಕೊಳ್ಳುತ್ತವೆ. ಒಂದು ಕಾಲನ್ನು ಎತ್ತಿದಾಗ ಸೊಂಟ ಆ ಕಡೆಗೆ ವಾಲದಂತೆ ಹಿಡಿದು ನಿಲ್ಲಿಸುವ ಕೆಲಸ ಅವುಗಳದು, ಅಂದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಅವು ದುಡಿಯಲೇಬೇಕು. ಹಿಂದೆ ಈ ನೋವನ್ನು ಮೂಳೆಯ ಪಕ್ಕದ ದ್ರವದ ಚೀಲದ ಉರಿಯೂತ ಎಂದೇ ಹೇಳುತ್ತಿದ್ದರು. ಬಹುಪಾಲು ಜನರಲ್ಲಿ ಕೆಟ್ಟಿರುವುದು ಈ ರಜ್ಜುವೇ ಎಂಬುದು ಈಗ ತಿಳಿದಿದೆ. 40ರಿಂದ 60ರ ನಡುವಿನ ಮಹಿಳೆಯರಲ್ಲಿ ಇದು ಹೆಚ್ಚು.

ರಜ್ಜು ಕೆಡುವುದಕ್ಕೆ ಭಾರದಷ್ಟೇ ದೊಡ್ಡ ಕಾರಣ ಅದರ ಮೇಲೆ ಬೀಳುವ ಒತ್ತಡ. ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮೊಣಕಾಲಿನವರೆಗೆ ಒಂದು ದಪ್ಪ ಪಟ್ಟಿ ಇದೆ. ತೊಡೆ ದೇಹದ ನಡುಗೆರೆಯನ್ನು ದಾಟಿ ಒಳಕ್ಕೆ ವಾಲಿದಾಗಲೆಲ್ಲ ಆ ಪಟ್ಟಿ ಬಿಗಿದು ರಜ್ಜುವನ್ನು ಮೂಳೆಗೆ ಅದುಮುತ್ತದೆ. ನೀವು ಎಡ ಮಗ್ಗುಲಿಗೆ ಮಲಗಿದರೂ ಬಲಗಡೆ ಸೆಳೆಯುವುದಕ್ಕೆ ಕಾರಣ ಇದೇ: ಮೇಲಿರುವ ಬಲ ಮೊಣಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ತಾಗುತ್ತದೆ, ಪಟ್ಟಿ ರಾತ್ರಿಯಿಡೀ ಬಿಗಿದೇ ಇರುತ್ತದೆ. ಈ ರಾತ್ರಿಯೇ ಎರಡು ದಿಂಬುಗಳನ್ನು ಒಂದರ ಮೇಲೊಂದು ಇಟ್ಟು, ಮೊಣಕಾಲಿನಿಂದ ಪಾದದವರೆಗೂ ಬಲಗಾಲು ಅವುಗಳ ಮೇಲೆ ಇರುವಂತೆ ಮಲಗಿ ನೋಡಿ. ಮೊಣಕಾಲಿನ ನಡುವೆ ಒಂದು ಸಣ್ಣ ದಿಂಬು ಸಿಕ್ಕಿಸಿಕೊಂಡರೆ ಸಾಲದು; ಪಾದ ಕೆಳಗೆ ಜೋತುಬಿದ್ದರೆ ತೊಡೆ ತಿರುಗಿಬಿಡುತ್ತದೆ.

ಇನ್ನು ಮೊಮ್ಮಗಳ ವಿಷಯ. ಮಗುವನ್ನು ಒಂದು ಪಕ್ಕದ ಸೊಂಟದ ಮೇಲೆ ಕೂರಿಸಿಕೊಂಡಾಗ ನಾವು ಆ ಸೊಂಟವನ್ನು ಹೊರಕ್ಕೆ ತಳ್ಳಿ, ಭಾರವೆಲ್ಲವನ್ನೂ ಅದೇ ಕಾಲಿಗೆ ಕೊಟ್ಟು ನಿಲ್ಲುತ್ತೇವೆ. ಅಡುಗೆ ಮಾಡುತ್ತ, ನೆರೆಯವರೊಡನೆ ಮಾತನಾಡುತ್ತ ಅರ್ಧ ಗಂಟೆ ಹಾಗೆಯೇ ನಿಂತಿರುವುದು ಗಮನಕ್ಕೂ ಬರುವುದಿಲ್ಲ. ಆ ಭಂಗಿ ರಜ್ಜುವನ್ನು ಅದುಮುವ ಭಂಗಿಯೇ ಆಗಿದೆ. ಸ್ವಲ್ಪ ಕಾಲ ಮಗುವನ್ನು ಎದೆಗೆ ಅವಚಿಕೊಂಡು, ಎರಡೂ ಕಾಲುಗಳ ಮೇಲೆ ಸಮನಾಗಿ ನಿಲ್ಲಿ. ಸಾಧ್ಯವಾದಾಗಲೆಲ್ಲ ಕುಳಿತು ಎತ್ತಿಕೊಳ್ಳಿ. ಕಾಲ ಮೇಲೆ ಕಾಲು ಹಾಕಿ ಕೂರುವುದನ್ನೂ ಬಿಡಿ. ತೋಟದ ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಗಿಡ ಬಗ್ಗಿಸಿ ಹಣ್ಣು ಬಿಡಿಸುವ ಕೆಲಸವನ್ನು ಬಿಡಲು ಆಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಇಡೀ ಸಾಲನ್ನು ಒಂದೇ ಮುಖವಾಗಿ ಮುಗಿಸುವ ಬದಲು ಕೆಲವು ಗಿಡಗಳಿಗೊಮ್ಮೆ ದಿಕ್ಕು ಬದಲಿಸಿ ನಿಂತರೆ ಮೇಲಿನ ಕಾಲು, ಕೆಳಗಿನ ಕಾಲು ಅದಲುಬದಲಾಗುತ್ತವೆ. ಬಕೆಟ್ಟನ್ನೋ ಚೀಲವನ್ನೋ ಒಂದೇ ಕೈಯಲ್ಲಿ ಹಿಡಿಯಬೇಕಾಗಿ ಬಂದರೆ ನೋವಿರುವ ಬಲಗಡೆಯ ಕೈಯಲ್ಲೇ ಹಿಡಿಯಿರಿ. ಕೇಳುವುದಕ್ಕೆ ತಿರುವುಮುರುವು ಎನಿಸಬಹುದು. ಎಡಗೈಯಲ್ಲಿ ಹಿಡಿದರೆ ಬಲಗಾಲಿನ ಮೇಲೆ ನಿಂತ ಕ್ಷಣದಲ್ಲಿ ಆ ಭಾರ ಸೊಂಟವನ್ನು ಎಡಕ್ಕೆ ಜಗ್ಗುತ್ತದೆ, ಅದನ್ನು ತಡೆಯಲು ಬಲಗಡೆಯ ಸ್ನಾಯುಗಳು ಬಹಳ ಹೆಚ್ಚು ದುಡಿಯಬೇಕಾಗುತ್ತದೆ.

ಎರಡು ತಿಂಗಳ ಪೂರ್ಣ ವಿಶ್ರಾಂತಿಯನ್ನು ನಾನು ಒಪ್ಪುವುದಿಲ್ಲ. ದುಡಿಯದ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ, ಮತ್ತೆ ಕೆಲಸಕ್ಕೆ ಇಳಿದ ವಾರದಲ್ಲೇ ನೋವು ಮರಳುತ್ತದೆ. ಇಂಜೆಕ್ಷನ್ ವಿಷಯದಲ್ಲಿ 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಉಪಯುಕ್ತವಾಗಿದೆ. ಇದೇ ನೋವಿದ್ದ 204 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ತಿಳಿವಳಿಕೆಯ ಜೊತೆಗೆ ವ್ಯಾಯಾಮ, ಇನ್ನೊಂದಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು, ಮೂರನೆಯದನ್ನು ಹಾಗೆಯೇ ಕಾದು ನೋಡಲು ಬಿಟ್ಟಿದ್ದರು. ಎಂಟು ವಾರಗಳಲ್ಲಿ ಗಣನೀಯವಾಗಿ ಸುಧಾರಿಸಿದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ ಸುಮಾರು 77, ಇಂಜೆಕ್ಷನ್ ಗುಂಪಿನಲ್ಲಿ 58, ಕಾದವರಲ್ಲಿ 29. ನಿದ್ದೆಯೇ ಬಾರದಷ್ಟು ನೋವಿದ್ದರೆ ವೈದ್ಯರ ಸಲಹೆಯಂತೆ ಒಂದು ಇಂಜೆಕ್ಷನ್ ತೆಗೆದುಕೊಳ್ಳುವುದು ತಪ್ಪಲ್ಲ, ಆದರೆ ಅದು ವ್ಯಾಯಾಮದ ಬದಲಿಗೆ ಆಗಬಾರದು. ಎಣ್ಣೆ ತಿಕ್ಕುವುದರಿಂದ ಹಾನಿ ಇಲ್ಲ, ನೋವಿರುವ ಮೂಳೆಯ ಮೇಲೆಯೇ ಗಟ್ಟಿಯಾಗಿ ಒತ್ತಿಸಬೇಡಿ.

ಮೊದಲ ವ್ಯಾಯಾಮಕ್ಕೆ ಒಂದು ಹಳೆಯ ಟವೆಲ್ ಸಾಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ಎರಡೂ ತೊಡೆಗಳನ್ನು ಮೊಣಕಾಲಿನ ಸ್ವಲ್ಪ ಮೇಲೆ ಟವೆಲ್ಲಿನಿಂದ ಸುತ್ತಿ ಕಟ್ಟಿ. ಮೊಣಕಾಲುಗಳನ್ನು ಹೊರಕ್ಕೆ ತೆರೆಯುವವರಂತೆ ಟವೆಲ್ಲನ್ನು ಮೆಲ್ಲಗೆ ಒತ್ತಿ. ಕಾಲು ಅಲುಗಬಾರದು, ಉಸಿರು ಬಿಗಿಹಿಡಿಯಬಾರದು. ಹದಿನೈದು ಎಣಿಸಿ ಸಡಿಲಿಸಿ. ಐದು ಬಾರಿಯಂತೆ ದಿನಕ್ಕೆ ಎರಡು ಹೊತ್ತು ಮಾಡಿ. ಇದು ಸಲೀಸಾದ ಮೇಲೆ ಅದೇ ಭಂಗಿಯಲ್ಲಿ ಪೃಷ್ಠವನ್ನು ನೆಲದಿಂದ ಎತ್ತಿ ಇಳಿಸುವುದು, ಆಮೇಲೆ ಗೋಡೆಗೆ ಬೆರಳು ತಾಗಿಸಿಕೊಂಡು ಒಂದು ಕಾಲಿನ ಮೇಲೆ ನಿಲ್ಲುವುದು, ಕೊನೆಗೆ ಮೆಟ್ಟಿಲು ಹತ್ತುವುದು. ಹೀಗೆ ಭಾರವನ್ನು ಹಂತ ಹಂತವಾಗಿ ಏರಿಸುವುದಕ್ಕೆ ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣು ಬೇಕು, ಏಕೆಂದರೆ ಸೊಂಟ ಒಂದು ಕಡೆಗೆ ವಾಲುತ್ತಿರುವುದು ಮಾಡುವವರಿಗೆ ತಿಳಿಯುವುದಿಲ್ಲ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರು-ನಾಲ್ಕರಷ್ಟು ನೋವು ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚಾಗಿಯೇ ಇದ್ದರೆ ಒಂದು ಹಂತ ಹಿಂದಕ್ಕೆ ಬನ್ನಿ. ಮೊಣಕಾಲನ್ನು ಎದುರು ಭುಜದ ಕಡೆಗೆ ಎಳೆದುಕೊಳ್ಳುವ ವ್ಯಾಯಾಮವನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಸದ್ಯಕ್ಕೆ ನಿಲ್ಲಿಸಿ, ಅದು ರಜ್ಜುವನ್ನು ಮತ್ತಷ್ಟು ಅದುಮುತ್ತದೆ. ರಜ್ಜು ಗಟ್ಟಿಯಾಗಲು ಎಂಟರಿಂದ ಹನ್ನೆರಡು ವಾರ ಬೇಕು. ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅದಕ್ಕೆ ಮೂರು ತಿಂಗಳು ಮುಂಚೆಯೇ ಈ ಕೆಲಸ ಆರಂಭವಾಗಿರಲಿ.

ಪ್ರಶ್ನೆ: ನಾನು ಚನ್ನರಾಯಪಟ್ಟಣದ ನಿವೃತ್ತ ಶಿಕ್ಷಕ, ವಯಸ್ಸು 68. ಎಡ ತೊಡೆ ಸಂದಿನಲ್ಲಿ ಎರಡು ವರ್ಷದಿಂದ ನೋವಿದೆ. ಕಾಲಿನ ಉಗುರು ಕತ್ತರಿಸಿಕೊಳ್ಳಲು ಆಗುತ್ತಿಲ್ಲ, ಊಟಕ್ಕೆ ನೆಲದ ಮೇಲೆ ಕೂರಲು ಆಗುತ್ತಿಲ್ಲ. ಕೀಲು ಸವೆದಿದೆ, ಮುಂದೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದಾರೆ. 2018ರ ಮಹಾಮಸ್ತಕಾಭಿಷೇಕದ ಸಮಯದಲ್ಲಿ ವಿಂಧ್ಯಗಿರಿಯನ್ನು ನಡೆದೇ ಹತ್ತಿದ್ದವನು ನಾನು. ವ್ಯಾಯಾಮದಿಂದ ಸವೆತ ವಾಸಿಯಾಗುತ್ತದೆಯೇ? ಕೋಲನ್ನು ಎಡಗೈಯಲ್ಲಿ ಹಿಡಿಯುತ್ತಿದ್ದೇನೆ, ಅಷ್ಟೇನೂ ಅನುಕೂಲ ಕಾಣುತ್ತಿಲ್ಲ.

ಉತ್ತರ: ಮೇಷ್ಟರೇ, ಮೊದಲು ಕೋಲನ್ನು ಬಲಗೈಗೆ ಬದಲಿಸಿ. ಎಡ ಸೊಂಟ ನೋಯುವವರು ಬಲಗೈಯಲ್ಲಿ ಕೋಲು ಹಿಡಿದು, ಎಡಗಾಲನ್ನು ಮುಂದಿಡುವಾಗಲೇ ಕೋಲನ್ನೂ ಊರಬೇಕು. ಒಂದೇ ಕಾಲಿನ ಮೇಲೆ ನಿಂತಾಗ ಆ ಕೀಲಿನ ಮೇಲೆ ಬೀಳುವ ಹೊರೆ ದೇಹತೂಕದ ಸುಮಾರು ಎರಡೂವರೆ ಪಟ್ಟಿನಿಂದ ಮೂರು ಪಟ್ಟಿನಷ್ಟಿರುತ್ತದೆ; ಎದುರು ಕೈಯ ಕೋಲು ಅದನ್ನು ಚೆನ್ನಾಗಿಯೇ ಇಳಿಸುತ್ತದೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಮನೆಯಲ್ಲಿದ್ದ ಹಿರಿಯರ ಕೋಲನ್ನೇ ಹಿಡಿದು ನಡೆಯುವವರಲ್ಲಿ ಅದು ಉದ್ದವಾಗಿ ಭುಜ ಮೇಲೆದ್ದಿರುವುದನ್ನು ನಾನು ಪದೇ ಪದೇ ನೋಡುತ್ತೇನೆ.

ಸವೆದ ಮೃದ್ವಸ್ಥಿಯನ್ನು, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರವನ್ನು, ವ್ಯಾಯಾಮ ಮತ್ತೆ ಬೆಳೆಸುವುದಿಲ್ಲ; ಬೆಳೆಸುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನೋವು ಸವೆತದ ಅಳತೆಗೆ ತಕ್ಕಂತೆಯೇ ಇರುವುದಿಲ್ಲ. ಎಕ್ಸ್-ರೇಯಲ್ಲಿ ಬಹಳ ಸವೆದು ಕಂಡರೂ ಓಡಾಡಿಕೊಂಡಿರುವವರಿದ್ದಾರೆ. ಕೀಲಿನ ಸುತ್ತಲಿನ ಸ್ನಾಯು ಸೊರಗುವುದು, ಕೀಲಿನ ಹೊದಿಕೆ ಬಿಗಿಯುವುದು, ನೋವಿಗೆ ಹೆದರಿ ನಡಿಗೆಯನ್ನೇ ಬಿಡುವುದು ಇವೆಲ್ಲ ಸೇರಿ ಕಷ್ಟ ಹೆಚ್ಚುತ್ತದೆ, ಮತ್ತು ಇವನ್ನು ಸರಿಪಡಿಸಲು ಸಾಧ್ಯವಿದೆ. ಪೃಷ್ಠ ಮತ್ತು ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಕೀಲನ್ನು ಮೆಲ್ಲಗೆ ಎಳೆದು ಸಡಿಲಿಸುವ ಕೈಚಿಕಿತ್ಸೆ, ಸೀಟು ಎತ್ತರಿಸಿದ ವ್ಯಾಯಾಮದ ಸೈಕಲ್, ಇವು ನಿಮಗೆ ಹೊಂದುತ್ತವೆ. ಕುರ್ಚಿ ಮೊಣಕಾಲಿಗಿಂತ ಸ್ವಲ್ಪ ಎತ್ತರವಿರಲಿ, ಶೌಚಾಲಯದಲ್ಲಿ ಕಮೋಡ್ ಇರಲಿ. ತೂಕ ಹೆಚ್ಚಿದ್ದರೆ ಐದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಕೀಲಿನ ಮೇಲಿನ ಹೊರೆ ಹತ್ತು ಕಿಲೋಗಿಂತ ಹೆಚ್ಚು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ನಡಿಗೆ ನಿಲ್ಲಿಸಬೇಡಿ. ಹಜಾರದಲ್ಲೇ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಬಾರಿ ನಡೆದರೂ ಆಯಿತು.

ಹನ್ನೆರಡು ವಾರ ಶ್ರದ್ಧೆಯಿಂದ ಮಾಡಿದ ಮೇಲೂ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಸ್ನಾನ, ಬಟ್ಟೆಗೂ ಇನ್ನೊಬ್ಬರನ್ನು ಕರೆಯಬೇಕಾದ ಸ್ಥಿತಿ ಇದ್ದರೆ, ಶಸ್ತ್ರಚಿಕಿತ್ಸೆಗೆ ಹೆದರಿ ಮುಂದೂಡುತ್ತ ಹೋಗಬೇಡಿ. ಸೊಂಟದ ಕೀಲು ಬದಲಾವಣೆ ಇಂದು ನೆಚ್ಚಬಹುದಾದ ಚಿಕಿತ್ಸೆ. ಹಾಕಿದ ಹತ್ತು ಕೀಲುಗಳಲ್ಲಿ ಸುಮಾರು ಒಂಬತ್ತು ಹದಿನೈದು ವರ್ಷ ಬಾಳುತ್ತವೆ. ಅದಕ್ಕೆ ಮುಂಚೆ ಮಾಡಿದ ವ್ಯಾಯಾಮವೂ ದಂಡವಾಗುವುದಿಲ್ಲ, ಬಲವಿರುವ ಕಾಲು ಶಸ್ತ್ರಚಿಕಿತ್ಸೆಯ ನಂತರ ಬೇಗ ನೆಲೆ ನಿಲ್ಲುತ್ತದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಈಗ ಹತ್ತಬೇಡಿ. ಮನೆಯ ಮೆಟ್ಟಿಲಲ್ಲಿ ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಕೋಲು ಮತ್ತು ಎಡಗಾಲು ಮೊದಲು ಎಂಬುದನ್ನು ರೂಢಿ ಮಾಡಿಕೊಳ್ಳಿ. ಮುಂದಿನ ಮಸ್ತಕಾಭಿಷೇಕ ಹನ್ನೆರಡು ವರ್ಷದ ಲೆಕ್ಕದಲ್ಲಿ 2030ಕ್ಕೆ ಬರುತ್ತದೆ. ಅದನ್ನು ಗುರಿಯಾಗಿ ಇಟ್ಟುಕೊಳ್ಳಲು ನನ್ನ ಅಡ್ಡಿಯೇನೂ ಇಲ್ಲ.

ಪ್ರಶ್ನೆ: ಹಾಸನ ನಗರ, ವಯಸ್ಸು 36, ಪುರುಷ. ಚರ್ಮದ ಕಾಯಿಲೆಗೆ ಒಂದು ವರ್ಷ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡಿದ್ದೇನೆ. ಎರಡು ತಿಂಗಳಿಂದ ಬಲ ತೊಡೆ ಸಂದಿನಲ್ಲಿ ನೋವು, ನಡಿಗೆ ಕುಂಟುತ್ತಿದೆ. ಎಕ್ಸ್-ರೇ ಸರಿಯಿದೆ. ಯಾವ ವ್ಯಾಯಾಮ ಮಾಡಲಿ?

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ, ಅತಿಯಾಗಿ ಮದ್ಯ ಸೇವಿಸುವವರಲ್ಲಿ ತೊಡೆಮೂಳೆಯ ಮೇಲ್ತುದಿಯ ಗುಂಡು ಭಾಗಕ್ಕೆ ರಕ್ತ ಹರಿಯುವುದು ಕುಂದಿ ಮೂಳೆ ಒಳಗೇ ಸಾಯತೊಡಗುವ ತೊಂದರೆ ಬರಬಹುದು. ಮೊದಲ ಹಂತದಲ್ಲಿ ಇದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಗುಂಡು ಕುಸಿಯುವ ಮುಂಚೆ ಗೊತ್ತಾದರೆ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಅವಕಾಶವಿರುತ್ತದೆ. ಆದ್ದರಿಂದ ಈ ವಾರದಲ್ಲೇ ಮೂಳೆ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ಓಟ, ಜಿಗಿತ, ಭಾರ ಎತ್ತುವುದು ಬೇಡ, ಎಡಗೈಯಲ್ಲಿ ಕೋಲು ಹಿಡಿದು ನಡೆಯಿರಿ. ಸ್ಟೆರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸುವುದು ಅಪಾಯ, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ನಿಮ್ಮಂತೆಯೇ, ವ್ಯಾಯಾಮಕ್ಕೆ ಮೊದಲು ವೈದ್ಯರ ಬಳಿಗೆ ಹೋಗಬೇಕಾದವರು ಇನ್ನೂ ಕೆಲವರಿದ್ದಾರೆ. ಬಿದ್ದ ಮೇಲೆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿರುವ ವಯಸ್ಸಾದವರಿಗೆ ಮೂಳೆ ಮುರಿದಿರುವ ಸಂಭವವಿದೆ. ಅವರನ್ನು ಎಬ್ಬಿಸಿ ನಡೆಸಬಾರದು, ತಿಕ್ಕಬಾರದು. ಜ್ವರದ ಜೊತೆಗೆ ಸೊಂಟ ನೋವಿರುವವರು ತಡಮಾಡಬಾರದು. ಮೊಣಕಾಲು ನೋವೆಂದು ಕುಂಟುವ ಮಗುವಿನ ಸೊಂಟವನ್ನೂ ಪರೀಕ್ಷಿಸಿ ನೋಡಲೇಬೇಕು, ಏಕೆಂದರೆ ಮಕ್ಕಳಲ್ಲಿ ಸೊಂಟದ ಕಾಯಿಲೆ ಮೊಣಕಾಲಿನ ನೋವಾಗಿ ತೋರುವುದು ಸಾಮಾನ್ಯ. ನೀವು ಎಂಆರ್‌ಐ ಮಾಡಿಸುವಾಗ ಎರಡೂ ಕಡೆಯ ಸೊಂಟಕ್ಕೆ ಬರೆಸಿಕೊಳ್ಳಿ, ಈ ತೊಂದರೆ ಇನ್ನೊಂದು ಕಡೆಯಲ್ಲಿ ನೋವಿಲ್ಲದೆಯೇ ಶುರುವಾಗಿರಬಹುದು. ಹಳೆಯ ಔಷಧ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ.